ನೆಲ ನುಂಗಿದ ಗೂಟಗಳು

"ಕೈ ತೆಗೀರಿ ಅದರಿಂದ."

ಮೇಸ್ತ್ರಿ ತಿರುಗಿ ನೋಡಿದ. ಅವನ ಕೈಯಲ್ಲಿ ಅವಳದೇ ಗೂಟವಿತ್ತು. ಮಾಲು ಸಮೇತ ಸಿಕ್ಕಿಬಿದ್ದ ಕಳ್ಳ ಇಷ್ಟು ಚೆಂದ ಇರಬಾರದಿತ್ತು ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ.

ಇನ್ನೂರು ವರ್ಷದ ಆ ಬಂಗಲೆಯ ಗೋಡೆ, ಕಮಾನುಗಳನ್ನೆಲ್ಲ ಮತ್ತೆ ಎಬ್ಬಿಸಿ ನಿಲ್ಲಿಸಿದವನು ಅವನು. ಸುತ್ತ ಹೊಸ ತೋಟ ರೂಪಿಸಲು ಬಂದವಳು ಇವಳು. ತಿಂಗಳಿಂದ ಅವನ ಸುತ್ತಿಗೆಯ ಸದ್ದಿಗೆ ಕಿವಿಗೊಟ್ಟಿದ್ದಳು. ಮಾತಾಡಿದ್ದು ಇದೇ ಮೊದಲು.

ಹುಲ್ಲಿನ ನಡುವೆ ದುಂಡನೆಯ ಹೂಪಾತಿಗೆಂದು ಹನ್ನೆರಡು ಗೂಟ ಹೊಡೆದು ದಾರ ಕಟ್ಟಿದ್ದಳು. ಮೂರು ದಿನದಿಂದ ದಿನಕ್ಕೊಂದು ಮಾಯವಾಗುತ್ತಿತ್ತು.

ಅವನು ಏನೋ ಹೇಳಲು ಬಾಯಿ ತೆರೆದ. ಇವಳಿಗೋ ಕೋಪ ಮೂಗಿನ ತುದಿಯಲ್ಲೇ! ನೇರ ಮನೆಯೊಡತಿಯ ಬಳಿ ಹೋಗಿ, ಇವನಿದ್ದರೆ ತಾನಿರುವುದಿಲ್ಲ ಎಂದುಬಿಟ್ಟಳು. ಒಡತಿ ಅವನನ್ನು ಕರೆಸಿ, ಸಂಜೆಯೊಳಗೆ ಗಂಟುಮೂಟೆ ಕಟ್ಟಲು ಹೇಳಿದಳು.

ಮಧ್ಯಾಹ್ನ. ಗಾಳಿಯಿಲ್ಲ, ಒಂದು ಹಕ್ಕಿಯ ಸದ್ದಿಲ್ಲ. ಇಪ್ಪತ್ತು ಹೆಜ್ಜೆ ಆಚೆ, ಮೆಟ್ಟಿಲ ಮೇಲೆ ಕೂತು ಅವನು ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ. ಅವಳು ಹೊಸ ಗೂಟ ಹೊಡೆದು ಎದ್ದಳು.

ದಾರ ತಾನಾಗಿಯೇ ಬಿಗಿಯಾಯಿತು.

ನೋಡನೋಡುತ್ತಿದ್ದಂತೆ ಗೂಟ ನೆಲದೊಳಗೆ ಇಳಿಯತೊಡಗಿತು... ನಿಧಾನವಾಗಿ, ಯಾರೋ ಕೆಳಗಿನಿಂದ ಹಿಡಿದು ಎಳೆದಂತೆ. ಮೇಲೆ ಹುಲ್ಲು ಮತ್ತೆ ಕೂಡಿಕೊಂಡಿತು. ಅಲ್ಲೊಂದು ಗೂಟವಿತ್ತೆಂಬ ಗುರುತೂ ಉಳಿಯಲಿಲ್ಲ.

ಅಂದರೆ, ಅವನಲ್ಲ... ನಾನೇನು ಮಾಡಿಬಿಟ್ಟೆ!

"ಅಲ್ಲಾಡಬೇಡಿ." ಅವನು ಓಡಿ ಬರುತ್ತಿದ್ದ. "ಹಾಗೇ ಬೋರಲು ಮಲಗಿ. ಕೈ ಕೊಡಿ."

ಅವನು ಎಳೆದುಕೊಂಡ ರಭಸಕ್ಕೆ ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಅವಳು ನಿಂತಿದ್ದ ಜಾಗ ಕುಸಿದು, ಹಳೆಯ ಬಾವಿಯೊಂದು ಬಾಯಿ ತೆರೆದಿತ್ತು. ಯಾವ ನಕ್ಷೆಯಲ್ಲೂ ಇರದ ಬಾವಿ. ಯಾವ ಕಾಲದಲ್ಲೋ ಹಲಗೆ ಮುಚ್ಚಿ, ಮಣ್ಣು ಹಾಕಿ, ಎಲ್ಲರೂ ಮರೆತಿದ್ದರು.

ಬೆಳಿಗ್ಗೆ ಸಲಾಕೆಯಿಂದ ತಟ್ಟಿ ನೋಡಿದಾಗ ನೆಲ ಟೊಳ್ಳಿರಬಹುದೆಂದು ಅವನಿಗೆ ಅನುಮಾನ ಬಂದಿತ್ತಂತೆ. ಅವಳು ಅಲ್ಲಿ ಕಾಲಿಡದಿರಲೆಂದು ಉಳಿದ ಗೂಟಗಳನ್ನು ದೂರ ಸರಿಸಲು ಕೈ ಹಾಕಿದ್ದನಂತೆ.

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಹೇಳೋಕೆ ಬಿಟ್ರೆ ತಾನೆ?"

ಟಾರ್ಚ್ ಬಿಟ್ಟು ಇಣುಕಿದರು. ಒಣಗಿದ ತಳ, ಕಲ್ಲು, ಮುರಿದ ಹಲಗೆ. ಗೂಟ ಮಾತ್ರ ಒಂದೂ ಇರಲಿಲ್ಲ, ಈಗಷ್ಟೇ ಕಣ್ಣೆದುರು ಇಳಿದದ್ದೂ ಇರಲಿಲ್ಲ. ಅವಳು ಅವನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಒಡತಿಯ ಮುಂದೆ ತಪ್ಪೊಪ್ಪಿಕೊಂಡು ಅವಳು ಓಡಿ ಬರುವಷ್ಟರಲ್ಲಿ ಅವನು ಚೀಲ ಹೆಗಲಿಗೇರಿಸಿದ್ದ.

"ಹೋಗಬೇಡಿ. ತಪ್ಪು ನಂದು ಅಂತ ಅವರಿಗೆ ಹೇಳಿದೀನಿ. ಕೆಲಸ ನಿಮ್ಮದೇ."

"ಬರೀ ಕೆಲಸಕ್ಕೋಸ್ಕರ ಉಳೀಬೇಕಾ?"

ಅವಳ ಕಣ್ಣು ತುಂಬಿ ಬಂತು. "ನನಗೋಸ್ಕರ."

ಅವನು ಚೀಲ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತ. "ಉಳೀತೀನಿ. ಆದರೆ ಇನ್ಮೇಲೆ ನೀನು ನನ್ನ ಮಾತು ಪೂರ್ತಿ ಕೇಳ್ಬೇಕು."

ಅವಳು ಅವನ ಪಕ್ಕ ಕೂತಳು.

"ಹೇಳು," ಅಂದಳು. "ಎಷ್ಟು ಹೊತ್ತಾದ್ರೂ ಕೇಳ್ತೀನಿ."