ಕೆಂಪು ಚುಕ್ಕಿಯ ಸ್ಕ್ರೂ

"ಮೆಕ್ಯಾನಿಕ್ ಎಲ್ರೀ? ಕರೀರಿ ಅವರನ್ನ!"

ಶೆಡ್ಡಿನ ಬಾಗಿಲಲ್ಲಿ ಟ್ರೇಲರ್ ನಿಲ್ಲಿಸಿ ಹಳದಿ ಜಾಕೆಟ್ಟಿನವನು ಕೂಗಿದ. ಟ್ರೇಲರ್ ಮೇಲೆ ನೀರಲ್ಲಿ ಓಡುವ ಅವನ ರೇಸಿನ ಬೈಕು, ಜೆಟ್ ಸ್ಕೀ, ಮುನಿಸಿಕೊಂಡಂತೆ ಕೂತಿತ್ತು.

ಅವಳು ಕೈಯೊರೆಸುತ್ತಿದ್ದ ಬಟ್ಟೆಯನ್ನು ಬೆಂಚಿನ ಮೇಲೆ ಬಿಸಾಕಿದಳು.

"ಕರೆಯೋದೇನು ಬಂತು? ನಿಮ್ಮೆದುರೇ ನಿಂತಿದ್ದೀನಿ."

"ನೀವಾ...? ನಾನು ಕೊಟ್ಟಿದ್ದು ಯಜಮಾನರ ಕೈಗೆ."

"ಅವರು ನಮ್ಮಪ್ಪ. ಗಾಡಿ ಇಳಿಸಿಕೊಂಡಿದ್ದು ಅವರು, ಎಂಜಿನ್ ಹೊಂದಿಸಿದ್ದು ನಾನು. ಭಾನುವಾರ ಮೈಕ್ ಹಿಡಿದು ಮಾನ ತೆಗೆದ್ರಲ್ಲ, ಅದು ನಂದೇ ಕೆಲಸ!"



ಭಾನುವಾರದ ರೇಸಿನ ಮೂರನೇ ಸುತ್ತಿನಲ್ಲಿ ಅವನ ಎಂಜಿನ್ ನಡುನೀರಲ್ಲಿ ಸೆಟೆದು ನಿಂತಿತ್ತು. ದಡಕ್ಕೆ ಎಳೆದು ತಂದಾಗ ಮೈಕ್ ಮುಂದೆ ಅವನು ಅಂದದ್ದು ಒಂದೇ ಮಾತು. "ಟ್ಯೂನಿಂಗ್ ಕೈಕೊಟ್ಟಿತು."

ಅವನು ಹೊರಟುಹೋದ ಮೇಲೆ ಉಳಿದದ್ದನ್ನು ಜನ ಸೇರಿಸಿಕೊಂಡರು. ಹೆಂಗಸಿನ ಕೈಗೆ ಎಂಜಿನ್ ಕೊಟ್ಟರೆ ಇನ್ನೇನಾಗುತ್ತೆ ಎಂದು ನಕ್ಕರು. ಸೋಮವಾರ ಮಧ್ಯಾಹ್ನದೊಳಗೆ ಶೆಡ್ಡಿನಲ್ಲಿದ್ದ ನಾಲ್ಕೂ ಗಾಡಿಗಳನ್ನು ಮಾಲೀಕರು ವಾಪಸ್ ಒಯ್ದರು!

ಅಪ್ಪನ ಕೈ ನಡುಗಲು ಶುರುವಾದ ಮೇಲೆ ಆರು ವರ್ಷ ಬೆವರು ಸುರಿಸಿ ಉಳಿಸಿಕೊಂಡ ಹೆಸರು... ಎರಡೇ ಪದಕ್ಕೆ ಕೊಚ್ಚಿಹೋಗಿತ್ತು.

"ಇಳಿಸಿ. ಬಿಚ್ಚಿ ನೋಡೋಣ. ತಪ್ಪು ನಂದಾದ್ರೆ ಈ ಶೆಡ್ಡಿಗೆ ನಾನೇ ಬೀಗ ಹಾಕ್ತೀನಿ. ನಿಮ್ಮದಾದ್ರೆ?"

"ನಂದು ಹೇಗಾಗುತ್ತೆ?"

"ಆದ್ರೆ...?"

"ನೀವು ಹೇಳಿದ ಹಾಗೆ ಕೇಳ್ತೀನಿ."

ಮೂಲೆಯ ಸ್ಟೂಲಿನಿಂದ ಅಪ್ಪ ಕೆಮ್ಮಿದರು. "ಹುಷಾರು ಕಣಪ್ಪ. ಇವಳಮ್ಮನ ಹತ್ರ ಇದೇ ಮಾತಾಡಿ ನಾನು ಇವತ್ತಿಗೂ ಅನುಭವಿಸ್ತಿದ್ದೀನಿ."

"ಅಪ್ಪಾ, ನೀವು ಸುಮ್ನಿರಿ!"

ಅದು ಎರಡು ಸಿಲಿಂಡರಿನ ಟೂ-ಸ್ಟ್ರೋಕ್. ರೇಸಿಗೆಂದು, ಗಾಳಿಗೆ ಪೆಟ್ರೋಲ್ ಬೆರೆಸುವ ಮೊದಲಿನ ಕಾರ್ಬೊರೇಟರ್‌ಗಳನ್ನು ತೆಗೆಸಿ ದೊಡ್ಡವನ್ನು ಕೂರಿಸಿಕೊಂಡದ್ದು. ಅವಳು ಹೊಗೆ ಕೊಳವೆ ಬಿಚ್ಚಿ, ರಂಧ್ರಕ್ಕೆ ಟಾರ್ಚ್ ಹಿಡಿದಳು. ಮುಂದಿನ ಪಿಸ್ಟನ್ ನುಣ್ಣಗಿತ್ತು. ಹಿಂದಿನದರ ಮೈತುಂಬಾ ಬೆಕ್ಕು ಪರಚಿದಂಥ ಗೀರುಗಳು.

"ಎಣ್ಣೆ ಬೆರೆತ ಪೆಟ್ರೋಲೇ ಇದಕ್ಕೆ ಊಟ, ಅದೇ ತಂಪು. ಹಿಂದಿನದಕ್ಕೆ ಅದು ಸಾಕಾಗಿಲ್ಲ. ಗಾಳಿ ಜಾಸ್ತಿಯಾಗಿ ಒಣಗಿ ಸುಟ್ಟಿದೆ."

"ಅಂದ್ರೆ ಪೆಟ್ರೋಲಿನ ಸ್ಕ್ರೂ ನೀವೇ ಕಮ್ಮಿ ಇಟ್ಟಿದ್ದೀರಿ!"

ಅವಳದೊಂದು ಅಭ್ಯಾಸವಿತ್ತು. ಹೊಂದಿಸಿ ಮುಗಿದ ಮೇಲೆ ಪೆಟ್ರೋಲಿನ ಪ್ರತಿ ಸ್ಕ್ರೂವಿನ ತಲೆಗೂ ಅದರ ಅಂಚಿಗೂ ತಾಗುವಂತೆ ಕೆಂಪು ನೇಲ್ ಪಾಲಿಶ್‌ನ ಚುಕ್ಕಿ ಇಡುತ್ತಿದ್ದಳು. ಯಾರಾದರೂ ಕೂದಲೆಳೆಯಷ್ಟು ತಿರುಗಿಸಿದರೂ ಚುಕ್ಕಿ ಒಡೆಯುತ್ತಿತ್ತು.

ಒಡೆದೇ ಇರುತ್ತದೆ ಎಂದು ಬಾಗಿ ನೋಡಿದಳು.

ಒಡೆದಿರಲಿಲ್ಲ.

"ನೋಡಿ, ನಾನು ಮುಟ್ಟಿಲ್ಲ..." ಅವನ ದನಿಯಲ್ಲಿ ಗೆದ್ದ ಜಂಬವಿರಲಿಲ್ಲ. ಅದು ಅವಳನ್ನು ಇನ್ನಷ್ಟು ಉರಿಸಿತು.

ಹಾಗಾದರೆ... ತಪ್ಪು ನನ್ನದೇನಾ?

"ಚುಕ್ಕಿ ಸ್ಕ್ರೂ ಸಮಾಚಾರ ಹೇಳುತ್ತೆ, ಮಗಳೇ," ಅಪ್ಪ ಮೆಲ್ಲಗೆ ಅಂದರು. "ಗಾಳಿ ಸಮಾಚಾರ ಹೇಳಲ್ಲ."

ಅವಳು ತಟ್ಟನೆ ಎದ್ದಳು. ಕಾರ್ಬೊರೇಟರ್‌ಗಳ ಬಾಯಿ, ಹೊಗೆಯ ರಂಧ್ರ, ಎಲ್ಲಕ್ಕೂ ರಬ್ಬರ್ ಬಿರಡೆ ಜಡಿದು ಕೈಪಂಪಿನಿಂದ ಎಂಜಿನ್ನಿಗೆ ಗಾಳಿ ತುಂಬಿದಳು. ಪಂಪಿನ ಮುಳ್ಳು ನಿಲ್ಲದೆ ಕೆಳಗಿಳಿಯತೊಡಗಿತು. ಸೋಪಿನ ನೀರು ಸವರಿದಾಗ, ಹಿಂದಿನ ಕಾರ್ಬೊರೇಟರ್ ಬುಡದಲ್ಲಿ ಗುಳುಗುಳು ನೊರೆ ಎದ್ದಿತು!

ಬಿಚ್ಚಿದಳು. ಸಂದಿ ಮುಚ್ಚಲು ಇಟ್ಟಿದ್ದ ತೆಳು ಪ್ಯಾಕಿಂಗ್ ಹರಿದಿತ್ತು. ಹೆಚ್ಚಿನ ಗಾಳಿ ಒಳನುಗ್ಗಿದ್ದು ಅಲ್ಲಿಂದಲೇ.

"ನಾನು ಹಾಕಿದ್ದು ಹೊಸ ಪ್ಯಾಕಿಂಗ್! ಯಾರೋ ಕಾರ್ಬೊರೇಟರನ್ನ ಇಡಿಯಾಗಿ ತೆಗೆದು, ಹರಿದಿದ್ದನ್ನೇ ಮತ್ತೆ ಕೂರಿಸಿದ್ದಾರೆ!"

ಅವನ ಮುಖ ಬಿಳುಚಿತು.

"...ನಾನೇ."

"ಮುಟ್ಟಿಲ್ಲ ಅಂದ್ರಿ!"

"ಸ್ಕ್ರೂ ಮುಟ್ಟಿಲ್ಲ, ದೇವರಾಣೆ! ಕೆಸರು ತೊಳೆಯೋಕೆ ಬಿಚ್ಚಿದ್ದೆ. ಆಗಲೂ ಆ ಕೆಂಪು ಚುಕ್ಕಿ ಮೇಲೆ ಟೇಪ್ ಅಂಟಿಸಿ ಕಾಪಾಡಿದೆ. ಪ್ಯಾಕಿಂಗ್ ಇಷ್ಟು ಮುಖ್ಯ ಅಂತ..."

"ಇಲ್ಲಿಗೇ ತರೋಕೆ ಏನಾಗಿತ್ತು ನಿಮಗೆ?"

ಅವನು ಜಾಕೆಟ್ಟಿನ ಒಳಜೇಬಿನಿಂದ ಮಡಿಸಿದ ಚೀಟಿ ತೆಗೆದ. ಮೂರು ವಾರದ ಹಿಂದೆ ಅವಳೇ ಹ್ಯಾಂಡಲಿಗೆ ಕಟ್ಟಿದ್ದ ಚೀಟಿ!

'ಇನ್ನೊಂದು ಸಲ ಇಷ್ಟು ಕೆಸರು ಹೊತ್ತು ತಂದರೆ ಬಾಗಿಲಲ್ಲೇ ನಿಲ್ಲಿಸುತ್ತೇನೆ. ಪಾಪ ಎಂಜಿನ್, ನಿಮ್ಮ ಹಾಗೆ ತಾನೇ ಹೋಗಿ ಸ್ನಾನ ಮಾಡಲಾರದು.'

"ಎಷ್ಟು ಸಲ ಓದಿ ನಕ್ಕಿದ್ದೀನೋ... ಫಳಫಳ ಹೊಳೆಯೋ ಗಾಡಿ ತಂದು ಬರೆದವರನ್ನ ನೋಡ್ಬೇಕು ಅಂತಿತ್ತು. ಆಫೀಸ್ ಕೆಲಸದ ಹುಡುಗಿ ಇರಬೇಕು ಅಂದ್ಕೊಂಡೆ. ಮೆಕ್ಯಾನಿಕ್ ಅಂತ ಹೊಳೆಯಲೇ ಇಲ್ಲ. ಅದೂ ನನ್ನ ತಪ್ಪೇ. ಕ್ಷಮಿಸಿ."

ಅವಳೊಳಗೆ ಏನೋ ಕರಗಿತು. ಕರಗಿದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು.

"ನನ್ನ ಕಿವಿಗೆ ಯಾಕೆ ಹೇಳ್ತೀರಿ? ಅವತ್ತು ನನ್ನ ಕಿವಿಯಲ್ಲಿ ಬೈದ್ರಾ? ಎಲ್ಲಿ ಬೈದ್ರೋ ಅಲ್ಲೇ ಹೋಗಿ ಹೇಳಿ!"

ಅವನು ಹರಿದ ಪ್ಯಾಕಿಂಗನ್ನು ಚೀಟಿಯೊಳಗೆ ಮಡಿಸಿಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮುಂದಿನ ಭಾನುವಾರ ರೇಸಿನ ದಡದ ಧ್ವನಿವರ್ಧಕದಿಂದ ಅವನ ದನಿ, ಬೇರೆ ಗಾಡಿಗಳಿಲ್ಲದ ಶೆಡ್ಡಿನವರೆಗೂ ಕೇಳಿಸುತ್ತಿತ್ತು.

"ಹೋದ ವಾರ ಟ್ಯೂನಿಂಗ್ ಕೈಕೊಟ್ಟಿತು ಅಂದೆ. ಅದು ಸುಳ್ಳು. ಕೆಡಿಸಿದ್ದು ನಾನು. ಈ ಹರಿದ ಪ್ಯಾಕಿಂಗ್ ಹಾಕಿದ್ದು ನಾನು, ನೋಡಿ! ಹೆಂಗಸಿನ ಕೈ ಅಂತ ನಕ್ರಲ್ಲ? ಆ ಕೈ ಇಟ್ಟ ಸ್ಕ್ರೂ ಇವತ್ತಿಗೂ ಇಟ್ಟಲ್ಲೇ ಇದೆ. ನಗೋದಿದ್ರೆ ನನ್ನ ನೋಡಿ ನಗಿ!"

ಜನ ಹೋ ಎಂದು ನಕ್ಕರು. ಈ ಸಲ ಅವನನ್ನು ನೋಡಿ.

ಅವಳು ಗೋಡೆಯ ಕಡೆ ತಿರುಗಿದಳು.

"ಕಣ್ಣಿಗೆ ಪೆಟ್ರೋಲ್ ಹಾರಿತಾ, ಮಗಳೇ?"

"ಹೂಂ ಅಪ್ಪ... ಪೆಟ್ರೋಲೇ."

ಸಂಜೆಗೆ ಮೊದಲೇ ಎರಡು ಗಾಡಿಗಳು ಮರಳಿ ಬಂದವು. ಅವುಗಳ ಹಿಂದೆ, ಹೊಸ ಪಿಸ್ಟನ್ನಿನ ಡಬ್ಬಿ ಹಿಡಿದು ಅವನು ನಡೆದು ಬಂದ. ಹೊಸ್ತಿಲ ಆಚೆಯೇ ನಿಂತ.

"ಒಳಗೆ ಬನ್ನಿ."

"ಸಿಟ್ಟು ಇಳೀತಾ?"

"ಇಲ್ಲ!"

"ಇಳಿಯೋದು ಬೇಡ. ದಿನಾ ಬಂದು ಬೈಸಿಕೊಳ್ತೀನಿ. ಆ ಚೀಟಿ ಓದಿದಾಗಲೇ ಮನಸ್ಸು ಇಲ್ಲೇ ಉಳೀತು. ಈಗ ಬರೆದವರನ್ನೂ ನೋಡಿದ ಮೇಲೆ... ಬಾಗಿಲಲ್ಲೇ ನಿಲ್ಲಿಸಬೇಡಿ, ಅಷ್ಟೇ."

ಅವಳು ಬೆಂಚಿನ ಮೇಲಿನ ಪುಟ್ಟ ಕೆಂಪು ಶೀಶೆ ತೆರೆದಳು.

"ಕೈ ಕೊಡಿ."

ಅವನ ಹೆಬ್ಬೆರಳಿನ ಉಗುರಿಗೂ ಚರ್ಮಕ್ಕೂ ತಾಗುವಂತೆ ಒಂದೇ ಒಂದು ಚುಕ್ಕಿ ಇಟ್ಟಳು.

"ಇದ್ಯಾಕೆ...?"

"ಹೊಂದಿಸಿ ಆಯ್ತು ಅಂತ. ಇನ್ಮೇಲೆ ಬೇರೆ ಯಾರೂ ತಿರುಗಿಸಬಾರದು."

"ಟೇಪ್ ಅಂಟಿಸಿ ಕಾಪಾಡ್ಲಾ?"

"ಬೇಡ," ಅವಳು ಅವನ ಬೆರಳು ಬಿಡದೆ ನಕ್ಕಳು. "ಇದನ್ನ ನಾನೇ ನೋಡ್ಕೋತೀನಿ."