ಹನಿ ನಿಲ್ಲದ ಗ್ಲಾಸು

"ಇಪ್ಪತ್ತು ವರ್ಷ ಕೊಟ್ಟ ಮಾಲನ್ನ ನಿಲ್ಲಿಸ್ತೀವಿ ಅನ್ನೋಕೆ ಸಿಹಿ ಡಬ್ಬ ತಂದಿದೀರಾ?"

ಟೊಮೊಯೆ ಕೇಳಿದಾಗ ಬಾಗಿಲಲ್ಲಿ ನಿಂತಿದ್ದ ಕಚ್ಚಾಮಾಲು ಕಂಪನಿಯ ಪ್ರತಿನಿಧಿ ಕುರಾಮೊಚಿ ಇನ್ನಷ್ಟು ಬಾಗಿದ. ಕ್ಷಮೆ ಕೇಳಲು ಬರುವವರು ಭಾರದ ಯೋಕಾನ್ ಸಿಹಿಯನ್ನೇ ತರಬೇಕು ಎಂಬುದು ಜಪಾನಿನ ರೂಢಿ. ಇವನು ಎರಡು ಕೈಯಲ್ಲಿ ಹೊರುವಷ್ಟು ತಂದಿದ್ದ. ಹಾಳಾದವನು, ಬಾಗಿ ನಿಂತರೂ ಚೆನ್ನಾಗಿ ಕಾಣುತ್ತಿದ್ದ.

"ಕಂಪನಿ ಆ ಘಟಕಾನೇ ಮುಚ್ತಿದೆ. ಬದಲಿ ಸಿಗೋವರೆಗೂ ನಾನು ಬರ್ತೀನಿ."

"ಬಂದು?"

"ನಿಮ್ಮ ಜೊತೆ ಗ್ಲಾಸ್ ತೊಳೀತೀನಿ."

ವಾಕಯಾಮಾದ ಆ ಪುಟ್ಟ ಕಾರ್ಖಾನೆ ಟೊಮೊಯೆಯ ಚಿಕ್ಕಪ್ಪನದು. ಶಾಲಾ ಅಡುಗೆಮನೆಗಳ ಪಾತ್ರೆ ತೊಳೆಯುವ ಯಂತ್ರಕ್ಕೆ ಅಲ್ಲಿ ರಿನ್ಸ್ ಏಡ್ ತಯಾರಾಗುತ್ತದೆ. ಕೊನೆಯ ನೀರಿಗೆ ಅದು ಬೆರೆತರೆ ಹನಿ ನಿಲ್ಲದೆ ಜಾರಿ, ಪಾತ್ರೆ ಕಲೆಯಿಲ್ಲದೆ ಒಣಗುತ್ತದೆ. ಹಾಗೆ ಜಾರಿಸುವ, ಕುರಾಮೊಚಿಯ ಕಂಪನಿ ಕೊಡುತ್ತಿದ್ದ ಸರ್ಫ್ಯಾಕ್ಟಂಟ್ ಎಂಬ ರಾಸಾಯನಿಕ ಇನ್ನು ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಬದಲಿ ಆರಿಸದಿದ್ದರೆ ಕಾರ್ಖಾನೆಗೆ ಬೀಗ. ಆರಿಸುವ ಕೆಲಸ ಟೊಮೊಯೆಯದು.

ಕೊನೆಗೆ ಉಳಿದದ್ದು ಎರಡು. ಒಂದು ಕುರಾಮೊಚಿ ಕಂಪನಿಯದೇ ಬೇರೊಂದು ಮಾಲು, ಇನ್ನೊಂದು ಓಗಾಟಾ ಕಂಪನಿಯದು.

"ಓಗಾಟಾದವರು ಟ್ಯಾಂಕರ್‌ಗಿಂತ ಕಮ್ಮಿ ಯಾರಿಗೂ ಕೊಡಲ್ಲ," ಎಂದರು ಚಿಕ್ಕಪ್ಪ. "ನಮಗೆ ಮಾತ್ರ ಪೀಪಾಯಲ್ಲಿ ಕೊಡ್ತಾರಂತೆ. ಅವರ ಮಾಲೀಕರ ಎರಡನೇ ಮಗ ನಿನ್ನ ಫೋಟೋ ನೋಡಿದಾನೆ, ಟೊಮೊಯೆ."

ಅಂದರೆ... ಸರ್ಫ್ಯಾಕ್ಟಂಟ್ ಜೊತೆ ಗಂಡ. ಬೇಡ ಎಂದರೆ ಕಾರ್ಖಾನೆಯ ಹನ್ನೊಂದು ಜನರ ಅನ್ನ ಹೋಗುತ್ತದೆ, ಸರಿ ಎಂದರೆ ತಾನೇ ಹೋಗುತ್ತಾಳೆ.

ಉಳಿದದ್ದು ಒಂದೇ ದಾರಿ, ಕುರಾಮೊಚಿಯ ಮಾಲು ಗೆಲ್ಲಬೇಕು. ಆರು ವಾರ ಇಬ್ಬರೂ ಗ್ಲಾಸು ತೊಳೆದರು, ಕಪ್ಪು ಬಟ್ಟೆಯ ಮುಂದೆ ದೀಪ ಹಿಡಿದು ಕಲೆ ಎಣಿಸಿದರು. ಒಂದೇ ಗ್ಲಾಸಿನ ಮೇಲೆ ಇಬ್ಬರ ತಲೆ ತಾಗಿದಾಗ ಇಬ್ಬರೂ ಲೆಕ್ಕ ತಪ್ಪಿದರು.

ಕೊನೆಯ ಪರೀಕ್ಷೆಯಲ್ಲಿ, ನೊರೆ ಏಳುತ್ತದೆಯೇ ಎಂದು ನೋಡಲು, ತಟ್ಟೆಗೆ ಮೊಟ್ಟೆ ಮೆತ್ತಿದರು. ಓಗಾಟಾದ್ದು ಸಲೀಸಾಗಿ ತೊಳೆಯಿತು. ಕುರಾಮೊಚಿಯ ಮಾಲು ನೊರೆ ಎಬ್ಬಿಸಿತು, ಪಂಪು ಗೊರಗುಟ್ಟಿ ನಿಂತಿತು.

"ಇನ್ನೊಂದ್ಸಲ ನೋಡೋಣ," ಎಂದಳು ಟೊಮೊಯೆ.

"ಬೇಡ. ಎಷ್ಟು ಸಲ ಮಾಡಿದ್ರೂ ಇಷ್ಟೇ. ಓಗಾಟಾ ಅವರದ್ದೇ ಒಳ್ಳೇದು, ಅದನ್ನೇ ತಗೊಳ್ಳಿ."

"ತಗೊಂಡ್ರೆ ನನಗೇನಾಗತ್ತೆ ಅಂತ ಗೊತ್ತಾ?"

"ಗೊತ್ತು."

ಅಷ್ಟೇ ಹೇಳಿ ಹೋದವನು ಒಂಬತ್ತು ದಿನ ಬರಲಿಲ್ಲ. *ಎಷ್ಟು ಸಲೀಸಾಗಿ ಬಿಟ್ಟುಕೊಟ್ಟ...* ಭಾನುವಾರ ಓಗಾಟಾ ಹುಡುಗನನ್ನು ನೋಡುವ ಶಾಸ್ತ್ರವಿತ್ತು, ಅದಕ್ಕೆಂದು ಚಿಕ್ಕಮ್ಮ ಕಿಮೊನೊ ಗಾಳಿಗೆ ಹರವಿದರು. ಟೊಮೊಯೆ ಅದರತ್ತ ತಿರುಗಿಯೂ ನೋಡಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಕುರಾಮೊಚಿ ಬಂದ. ಚಿಕ್ಕಪ್ಪನ ಮೇಜಿನ ಮೇಲೆ ಒಂದು ಕಾಗದ ಇಟ್ಟ. ಅದರಲ್ಲಿ ಸಹಿಯ ಬದಲು ಒತ್ತಿದ ಮೂರು ಕೆಂಪು ಮುದ್ರೆಗಳಿದ್ದವು.

"ಓಗಾಟಾದ ಇದೇ ಮಾಲು ಬೇಕಾದ ಸಣ್ಣ ಕಾರ್ಖಾನೆ ಇನ್ನೂ ಮೂರಿದಾವೆ. ನೀವೂ ಸೇರಿದ್ರೆ ಒಂದು ಪೂರ್ತಿ ಟ್ಯಾಂಕರ್. ಆಗ ಓಗಾಟಾದವರ ದಾಕ್ಷಿಣ್ಯ ಬೇಕಾಗಲ್ಲ."

ಚಿಕ್ಕಪ್ಪ ಕನ್ನಡಕ ಏರಿಸಿದರು. "ಎದುರು ಕಂಪನಿ ಮಾಲಿಗೆ ಗಿರಾಕಿ ಹಿಡೀತಿದೀಯಲ್ಲಯ್ಯ, ನಿಮ್ಮ ಸಾಹೇಬರು ಸುಮ್ನೆ ಬಿಡ್ತಾರಾ?"

"ನಿನ್ನೆ ಕೆಲಸ ಬಿಟ್ಟೆ."

ಟೊಮೊಯೆ ಕಾಗದವನ್ನು ಚಿಕ್ಕಪ್ಪನ ಹತ್ತಿರಕ್ಕೆ ಸರಿಸಿದಳು. "ಚಿಕ್ಕಪ್ಪ, ಮಾಲು ಓಗಾಟಾ ಅವರದ್ದೇ ತಗೊಳ್ಳೋಣ. ನಾನು ಆರಿಸಿದ್ದು ಅದನ್ನ ಮಾತ್ರ."

ಚಿಕ್ಕಪ್ಪ ತಮ್ಮ ಮುದ್ರೆ ತೆಗೆದು, ಕೆಂಪು ಹಚ್ಚಿ ಒತ್ತಿದರು. "ಭಾನುವಾರದ್ದು ಬೇಡ ಅಂತ ನಾನೇ ಫೋನ್ ಮಾಡಿ ಹೇಳ್ತೀನಿ," ಎಂದು ಗೊಣಗುತ್ತ ಹೊರಗೆ ಹೋದರು.

"ಒಂಬತ್ತು ದಿನ," ಎಂದಳು ಟೊಮೊಯೆ. ಕಣ್ಣು ತುಂಬಿತ್ತು. "ಒಂದು ಮಾತು ಹೇಳಿ ಹೋಗ್ಬಾರ್ದಿತ್ತಾ?"

"ಮೂರನೇ ಮುದ್ರೆ ನಿನ್ನೆ ಸಿಕ್ತು. ಅದಕ್ಕೆ ಮುಂಚೆ ಹೇಳಿದ್ರೆ ನಿಮಗೆ ಬರೀ ಆಸೆ ಹುಟ್ಟಿಸಿದಂಗೆ ಆಗ್ತಿತ್ತು." ಅವನು ತಲೆ ತಗ್ಗಿಸಿದ. "ನನಗೆ ನೀವು ಅಂದ್ರೆ ತುಂಬಾ ಇಷ್ಟ, ಟೊಮೊಯೆ-ಸಾನ್. ಆದ್ರೆ ಈಗ ಕೆಲಸಾನೂ ಇಲ್ಲ, ಇಲ್ಲಿಗೆ ಬರೋಕೆ ಕಾರಣಾನೂ ಇಲ್ಲ."

"ಕಾರಣ ನಾನು ಕೊಟ್ರೆ?"

"ದಿನಾ ಬರ್ತೀನಿ."

"ಬರೋದೇನೂ ಬೇಡ," ಎಂದು ಅವಳು ಅವನ ತೋಳು ಹಿಡಿದಳು. "ಹೋಗದೇ ಇದ್ರೆ ಸಾಕು."