ಎದುರಾಳಿಯ ಮನೆಗೆ ಬಂದ ಬ್ರೌಸರ್

"ಪ್ರತಿ ಶನಿವಾರ ನಿಮ್ಮಲ್ಲಿ ಬಂದು ವೆಬ್ ಡಿಸೈನ್ ಪಾಠ ಮಾಡ್ತೇನೆ. ಸಂಬಳ ಎಂತ ಬೇಡ."

ಸಾತ್ವಿಕಾ ಕುರ್ಚಿಯಿಂದ ಏಳಲಿಲ್ಲ, ಬಂದವನಿಗೆ ಕೂರಿ ಎಂದೂ ಹೇಳಲಿಲ್ಲ. ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನ ಹತ್ತಿರ, ಹೋಟೆಲಿನ ಮೇಲಿನ ಮಹಡಿಯಲ್ಲಿ ಅವಳ ಕಂಪ್ಯೂಟರ್ ಸೆಂಟರ್. ರಸ್ತೆಯ ಆಚೆ ಬದಿ, ಅದಕ್ಕಿಂತ ದೊಡ್ಡ ಬೋರ್ಡು ಹಾಕಿಕೊಂಡಿರುವ ಸೆಂಟರ್ ಇವನದು, ಮೂಡುಬಿದಿರೆಯ ಉಜ್ವಲನದು. ಎರಡು ವರ್ಷದಿಂದ ಇಬ್ಬರೂ ಒಂದೇ ಬಸ್ಸಿನಿಂದ ಇಳಿಯುವ ಮಕ್ಕಳಿಗೆ ತಮ್ಮ ತಮ್ಮ ಕರಪತ್ರ ಹಂಚಿಕೊಂಡು, ಒಬ್ಬರನ್ನೊಬ್ಬರು ಕಂಡೂ ಕಾಣದ ಹಾಗೆ ಇದ್ದವರು.

ಅಂಥವನು ಈಗ ಮೆಟ್ಟಿಲು ಹತ್ತಿ ಬಂದು ಬಿಟ್ಟಿ ಪಾಠ ಮಾಡುತ್ತೇನೆ ಎನ್ನುತ್ತಾನೆ. ಅದನ್ನು ಅವಳು ನಂಬಬೇಕಂತೆ!

"ಯಾಕೆ?"

"ನಿಮ್ಮಲ್ಲಿ ಅದನ್ನು ಕಲಿಸುವವರು ಇಲ್ಲ ಅಂತ ಕೇಳಿದೆ."

ಇರಲಿಲ್ಲ, ನಿಜ. ಇದ್ದ ದಯಾನಂದ ಕಳೆದ ವರ್ಷ ಜೇನಿನಂಥ ಮಾತಾಡಿಕೊಂಡೇ ಇದ್ದು, ಒಂದು ಬೆಳಿಗ್ಗೆ ಅರ್ಧ ಕ್ಲಾಸನ್ನು ಎಬ್ಬಿಸಿಕೊಂಡು ಹೋಗಿ ಬೆಳ್ತಂಗಡಿಯಲ್ಲಿ ತನ್ನದೇ ಸೆಂಟರ್ ತೆರೆದಿದ್ದ. ಉಳಿದವರನ್ನು ಹಿಡಿದುಕೊಂಡು ಸಾತ್ವಿಕಾ ಹೇಗೋ ತಲೆ ಎತ್ತಿದ್ದಳು. ಇನ್ನೊಮ್ಮೆ ಹಾಗಾದರೆ ಬಾಗಿಲು ಹಾಕುವುದೇ ಸೈ. ಆದರೆ ವೆಬ್ ಡಿಸೈನ್ ಕಲಿಸದಿದ್ದರೆ ಮಕ್ಕಳು ತಾವಾಗಿಯೇ ರಸ್ತೆ ದಾಟಿ ಇವನಲ್ಲಿಗೆ ಹೋಗುತ್ತಾರೆ. ಅತ್ತ ಹೋದರೂ ಕಷ್ಟ, ಇತ್ತ ಬಂದರೂ ಕಷ್ಟ.

"ಆಯ್ತು. ಆದ್ರೆ ಹಿಂದಿನ ಬೆಂಚಿನಲ್ಲಿ ನಾನು ಕೂತಿರ್ತೇನೆ. ನಿಮ್ಮ ಸೆಂಟರಿನ ಹೆಸರು ಬಾಯಲ್ಲಿ ಬಂದ್ರೆ ಅವತ್ತಿಗೆ ಮುಗೀತು."

"ಕೂತ್ಕೊಳ್ಳಿ," ಎಂದ ಉಜ್ವಲ್. "ಅದಕ್ಕಿಂತ ಒಳ್ಳೇದು ಎಂತ ಉಂಟು?"

ಹಾಗೆಂದು ನಕ್ಕ. ಆ ನಗು ಅವಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂಬುದನ್ನು, ಅವನು ರಸ್ತೆ ದಾಟಿ ಮರೆಯಾಗುವ ತನಕ ಕಿಟಕಿಯ ಹತ್ತಿರ ನಿಂತು ಖಚಿತ ಮಾಡಿಕೊಂಡಳು.

ಮೊದಲ ಶನಿವಾರವೇ ಅವನು ಅವಳ ಕಂಪ್ಯೂಟರಿಗೆ ಇನ್ನೊಂದು ಬ್ರೌಸರ್ ಹಾಕಿದ. ಮಾಡಿದ ಪೇಜು ಎಲ್ಲ ಬ್ರೌಸರಿನಲ್ಲೂ ಸರಿ ಕಾಣಬೇಕಲ್ಲ, ಅದಕ್ಕೆ. ತೆರೆದಾಗಲೆಲ್ಲ ಅದು ಒಂದು ಪ್ರಶ್ನೆ ಕೇಳುತ್ತಿತ್ತು: ಇನ್ನು ಮುಂದೆ ನನ್ನನ್ನೇ ನಿಮ್ಮ ಡೀಫಾಲ್ಟ್ ಬ್ರೌಸರ್ ಮಾಡಿಕೊಳ್ಳುತ್ತೀರಾ? ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಅಷ್ಟಗಲ ಬೀಳುತ್ತಿದ್ದ ಆ ಪ್ರಶ್ನೆಗೆ ಸಾತ್ವಿಕಾ ಪ್ರತಿ ವಾರ ಉಜ್ವಲನ ಮುಖವನ್ನೇ ನೋಡುತ್ತಾ 'ನಾಟ್ ನೌ' ಒತ್ತುತ್ತಿದ್ದಳು. ಅವನು ಚಾಕ್‌ಪೀಸು ಹುಡುಕುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದ. ತುಟಿಯ ಮೂಲೆಯಲ್ಲಿ ಅಡಗಿಸಿದ ನಗು ಮಾತ್ರ ಹಿಂದಿನ ಬೆಂಚಿಗೂ ಕಾಣುತ್ತಿತ್ತು.

ಒಂದು ದಿನ ಕಕ್ಕಿಂಜೆಯಿಂದ ಬರುವ ಮೋಕ್ಷಿತಾ ಎದ್ದು ನಿಂತಳು. "ಸರ್, ಮುಂಚೆ ಆ್ಯಪಲ್‌ನವರು ಅವರ ಸಫಾರಿ ಬ್ರೌಸರನ್ನು ವಿಂಡೋಸಿಗೂ ಬಿಟ್ಟಿದ್ರಂತೆ. ಎದುರಾಳಿಯ ಕಂಪ್ಯೂಟರಿಗೆ ಇವರು ಯಾಕೆ ಬಿಟ್ಟಿಯಾಗಿ ಕೊಡ್ಬೇಕು?"

"ಎಂತದೋ ಕಿತಾಪತಿ ಇರ್ತದೆ," ಎಂದು ಹಿಂದಿನ ಬೆಂಚು ಉತ್ತರಿಸಿತು.

ಕ್ಲಾಸು ನಕ್ಕಿತು. ಉಜ್ವಲನೂ ನಕ್ಕ. "ಲಾಭ ಉಂಟು ಮೋಕ್ಷಿತಾ. ಜನ ಆ ಬ್ರೌಸರಿನಲ್ಲಿ ಹುಡುಕಿದಷ್ಟೂ ಸರ್ಚ್ ಕಂಪನಿ ಇವರಿಗೆ ಪಾಲು ಕೊಡ್ತದೆ."

"ಅಂದ್ರೆ ಬಿಟ್ಟಿ ಅಲ್ಲ," ಎಂದಳು ಸಾತ್ವಿಕಾ.

"ಅಲ್ಲ. ಮತ್ತೆ, ವೆಬ್‌ಸೈಟ್ ಮಾಡುವವರು ಹೆಚ್ಚಿನವರು ವಿಂಡೋಸಿನಲ್ಲೇ ಇದ್ದದ್ದು. ಅವರ ಪೇಜು ಸಫಾರಿಯಲ್ಲಿ ಹೇಗೆ ಕಾಣ್ತದೆ ಅಂತ ನೋಡ್ಲಿಕ್ಕೆ ಅಲ್ಲೂ ಅದು ಬೇಕಲ್ಲ? ಇನ್ನೊಂದು, ಸ್ವಲ್ಪ ರುಚಿ ತೋರಿಸಿದ ಹಾಗೂ ಆಗ್ತದೆ. ಹಿಡಿಸಿದ್ರೆ ನಾಳೆ ಇವರ ಕಂಪ್ಯೂಟರೇ ತೆಗೊಳ್ಳಬಹುದು."

"ಹಾಗೆ ಹೇಳಿ!" ಸಾತ್ವಿಕಾ ಬಿಡಲಿಲ್ಲ. "ಸಹಾಯ ಮಾಡಿದ ಹಾಗೆ ಬಂದು ಗಿರಾಕಿಯನ್ನು ಎಳ್ಕೊಂಡು ಹೋಗುವುದು. ಕೊನೆಗೆ ಎಂತಾಯ್ತು ಅಂತಲೂ ಹೇಳಿ ಸರ್. ಕೆಲವು ವರ್ಷ ಕಳೆದು ಸದ್ದಿಲ್ಲದೆ ನಿಲ್ಲಿಸಿ ಹೋದ್ರಲ್ಲ?"

ಉಜ್ವಲನ ನಗು ಅಲ್ಲಿಗೆ ನಿಂತಿತು. "ಹೌದು, ಹೋದ್ರು," ಎಂದವನು ಇನ್ನೇನೋ ಹೇಳಲು ಬಾಯಿ ತೆರೆದು, ಇಡೀ ಕ್ಲಾಸು ತನ್ನನ್ನೇ ನೋಡುತ್ತಿರುವುದನ್ನು ಕಂಡು, ಬೋರ್ಡಿನ ಕಡೆ ತಿರುಗಿದ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡಳು ಸಾತ್ವಿಕಾ. ಗೆದ್ದದ್ದಕ್ಕೆ ಖುಷಿ ಆಗಬೇಕಿತ್ತು. ಎದೆಯಲ್ಲಿ ಯಾಕೋ ಬೇಜಾರೇ ತುಂಬಿತು.

ಮರುದಿನ ಭಾನುವಾರ. ಕೆಳಗಿನ ಹೋಟೆಲಿನ ರುಕ್ಮಯ್ಯಣ್ಣ ಚಾ ಕೊಡುತ್ತಾ ಹೇಳಿದರು, "ಆ ಉಜ್ವಲ್ ನಿಮ್ಮ ಅಮ್ಮನ ಕುಟುಂಬದ ಮನೆ ಎಲ್ಲಿ ಅಂತ ಕೇಳ್ತಿದ್ದ ಅಕ್ಕ. ವೇಣೂರು ಅಂದೆ. ಈಗ ಬಸ್ಸು ಹತ್ತಿ ಹೋದದ್ದು ನೋಡಿ."

ಚಾ ಅಲ್ಲೇ ಉಳಿಯಿತು. ಅವಳ ಸೆಂಟರ್ ಇರುವ ರೂಮು ಅಮ್ಮನ ಕುಟುಂಬದ್ದು. ಅವರಲ್ಲಿ ಆಸ್ತಿ, ಮನೆತನ ಎಲ್ಲ ತಾಯಿಯ ಕಡೆಯಿಂದ ಬರುವುದು, ಅದರ ಯಜಮಾನಿಕೆ ಸೋದರಮಾವ ಸುಧಾಕರ ಅವರದು. ಅಂದರೆ ಇವನ ಕಣ್ಣು ಮಕ್ಕಳ ಮೇಲಲ್ಲ, ರೂಮಿನ ಮೇಲೆಯೇ! ದಯಾನಂದ ಅರ್ಧ ಕ್ಲಾಸು ಒಯ್ದಿದ್ದ, ಇವನು ನೆಲವನ್ನೇ ಒಯ್ಯಲು ಹೊರಟಿದ್ದಾನೆ. ಮುಂದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದಳು. ನಡುನಡುವೆ ಕಣ್ಣು ತುಂಬಿದ್ದಕ್ಕೆ ಆ ಬೈಗುಳದಲ್ಲಿ ತನಗೂ ಒಂದು ಪಾಲು ಕೊಟ್ಟಳು.

ವೇಣೂರಿನ ಮನೆಯ ಜಗಲಿಯಲ್ಲಿ ಉಜ್ವಲ್ ಬೆಲ್ಲ ನೀರು ಮುಂದಿಟ್ಟುಕೊಂಡು ಅಳಿಯನ ಹಾಗೆ ಕೂತಿದ್ದ.

"ಮಾವ, ರೂಮು ಇವರಿಗೆ ಕೊಡ್ತೇನೆ ಅಂತ ಹೇಳಿದ್ರಾ?"

"ಯಾವ ರೂಮು?" ಎಂದರು ಸುಧಾಕರ.

"ಮತ್ತೆ ಇವರು ಎಂತ ಕೇಳ್ಲಿಕ್ಕೆ ಬಂದದ್ದು?"

ಮಾವ ಉಜ್ವಲನನ್ನು ನೋಡಿದರು. ಉಜ್ವಲ್ ಲೋಟದೊಳಗೆ ನೋಡಿದ. ಅವನ ಕಿವಿ ಕೆಂಪಾಗಿತ್ತು.

"ನಮ್ಮ ಬರಿ ಯಾವುದು ಅಂತ ಕೇಳ್ಲಿಕ್ಕೆ ಬಂದದ್ದು ಮಾರಾಯ್ತಿ," ಎಂದರು ಮಾವ.

ಸಾತ್ವಿಕಾ ಜಗಲಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ತಾಯಿಯಿಂದ ಮಕ್ಕಳಿಗೆ ಬರುವ, ಗೋತ್ರದಂಥ ಬಳಿಯೇ ಬರಿ. ಹುಡುಗ ಹುಡುಗಿಯ ಬರಿ ಒಂದೇ ಆದರೆ ಅವರು ಅಣ್ಣ ತಂಗಿ ಇದ್ದ ಹಾಗೆ, ಮದುವೆಯ ಮಾತೇ ಇಲ್ಲ. ಹಾಗಾಗಿ ಹೆಣ್ಣಿನ ಮನೆಗೆ ಬಂದು ಬರಿ ಕೇಳುವವನು ಯಾಕೆ ಕೇಳುತ್ತಾನೆ ಎಂದು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

"ನನ್ನನ್ನೇ ಕೇಳ್ಬಹುದಿತ್ತಲ್ಲ?" ಸ್ವರ ಸಣ್ಣದಾಗಿತ್ತು.

"ಕೇಳಿ, ಒಂದೇ ಬರಿ ಅಂತಾದ್ರೆ? ಮತ್ತೆ ಆ ಕ್ಲಾಸಿಗೆ ಯಾವ ಮುಖ ಹೊತ್ತು ಬರುವುದು? ಅದಕ್ಕೆ ಮೊದ್ಲು ಇಲ್ಲಿ ವಿಚಾರಿಸುವ ಅಂತ ಬಂದೆ."

"ಬೇರೆ ಬೇರೆಯೇ ಉಂಟು, ಹೆದರ್ಬೇಡಿ," ಎಂದ ಮಾವ, ಒಳಗಿದ್ದ ಅತ್ತೆಗೆ "ಕಾಂತಿ, ಚಾ ಇಡು," ಎನ್ನುತ್ತಾ ಬೇಕೆಂದೇ ಒಳಗೆ ಎದ್ದು ಹೋದರು.

ಸಾತ್ವಿಕಾಗೆ ಅಷ್ಟು ಬೇಗ ನಂಬಿ ಅಭ್ಯಾಸವಿಲ್ಲ. "ಮತ್ತೆ ಬಿಟ್ಟಿ ಪಾಠ? ಅದು ರುಚಿ ತೋರಿಸ್ಲಿಕ್ಕಾ?"

"ಮೋಕ್ಷಿತಾ ಕೇಳಿದ್ದಕ್ಕೆ ಒಂದು ಉತ್ತರ ಬಾಕಿ ಉಂಟು. ಎಲ್ಲರ ಎದುರು ಹೇಳ್ಲಿಕ್ಕೆ ಆಗ್ಲಿಲ್ಲ." ಈ ಸಲ ಅವನು ತಲೆ ತಗ್ಗಿಸಲಿಲ್ಲ. "ನಮಗೆ ಬೇಕಾದವರು ನಮ್ಮಲ್ಲಿಗೆ ಬರುವವರಲ್ಲ ಅಂತ ಗೊತ್ತಾದ್ರೆ, ಅವರು ಇದ್ದಲ್ಲಿಗೆ ನಾವೇ ಹೋಗ್ಬೇಕು. ಎರಡು ವರ್ಷ ನನ್ನ ಕಿಟಕಿಯಿಂದ ನೋಡಿದೆ. ನೀವು ರಸ್ತೆ ದಾಟುವವರಲ್ಲ."

ಅವಳ ಎದೆ ಹಾರಿತು. ಹಳೆಯ ಹೆದರಿಕೆಯೂ ಅದರ ಹಿಂದೆಯೇ ಬಂತು. "ಆ ಆ್ಯಪಲ್‌ನವರು ವಾಪಸ್ ಹೋದ್ರಲ್ಲ?"

"ಅವರಿಗೆ ಕೋಟಿಗಟ್ಟಲೆ ಜನ ಬೇಕಿತ್ತು, ಸಿಗ್ಲಿಲ್ಲ, ಹೋದ್ರು. ನನಗೆ ಒಬ್ಬರು ಸಾಕು."

ಒಳಗೆ ಪಾತ್ರೆಯ ಸದ್ದು ಪೂರ್ತಿ ನಿಂತಿತ್ತು. ಮಾವ, ಅತ್ತೆ ಇಬ್ಬರೂ ಕಿವಿಯಾಗಿದ್ದರು.

"ಶನಿವಾರ ಕ್ಲಾಸಿಗೆ ಬನ್ನಿ," ಎಂದಷ್ಟೇ ಹೇಳಿ ಅವಳು ಎದ್ದಳು.

ಶನಿವಾರ ಉಜ್ವಲ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಪರೀಕ್ಷೆಗೆ ಬಂದವನ ಮುಖ ಮಾಡಿಕೊಂಡು ನಿಂತಿದ್ದ. ಸಾತ್ವಿಕಾ ಬ್ರೌಸರ್ ತೆರೆದಳು. ಗೋಡೆಯ ಮೇಲೆ ಅದೇ ಪ್ರಶ್ನೆ ಬಂತು. ಅವನ ಮುಖವನ್ನೇ ನೋಡುತ್ತಾ, ಸ್ವಲ್ಪ ಕಾಯಿಸಿ, 'ಯೆಸ್' ಒತ್ತಿದಳು.

"ಮೇಡಂ, ನೀವು ಯಾವಾಗ್ಲೂ ನಾಟ್ ನೌ ಒತ್ತುವುದಲ್ವಾ?" ಎಂದಳು ಮೋಕ್ಷಿತಾ.

"ಅದು ಸಂಶಯ ಇದ್ದಾಗ," ಎಂದಳು ಸಾತ್ವಿಕಾ. ಮತ್ತೆ ಬೋರ್ಡಿನ ಹತ್ತಿರ ಹೋಗಿ, ಚಾಕ್‌ಪೀಸನ್ನು ಅವನ ಕೈಗೆ ಕೊಡುತ್ತಾ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು, "ನನಗೆ ಒಪ್ಪಿಗೆ ಉಂಟು ಅಂತ ಮಾವನಿಗೆ ಬೆಳಿಗ್ಗೆಯೇ ಫೋನ್ ಮಾಡಿದ್ದೇನೆ. ಇನ್ನು ನಿಮ್ಮ ಮನೆಯವರನ್ನು ಕರ್ಕೊಂಡು ಬರ್ಬೇಕಂತೆ."

ಅವತ್ತು ಉಜ್ವಲ್ ಏನು ಪಾಠ ಮಾಡಿದ ಎಂದು ಕ್ಲಾಸಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಹಿಂದಿನ ಬೆಂಚು ಖಾಲಿ ಇತ್ತು. ಸಾತ್ವಿಕಾ ಮುಂದಿನ ಬೆಂಚಿಗೆ ಬಂದು ಕೂತಿದ್ದಳು.